ಸಡಿಲ ಕವಚದ ಯೋಧೆ

"ಕವಚ ಹೊಟ್ಟೆ ಹತ್ರ ಸಡಿಲ ಇರ್ಬೇಕು. ಬರ್ಕೊಳ್ಳಿ," ಎಂದಳು ಅವಳು, ಪೆನ್ಸಿಲನ್ನು ಗಂಡನ ಕಡೆ ತಳ್ಳುತ್ತ.

ಗಂಡ ತೂಕ ಮತ್ತು ಅಳತೆಯ ತಪಾಸಕ. ವಾರವಿಡೀ ಅಂಗಡಿಗಳ ತಕ್ಕಡಿ ಎತ್ತಿ ನೋಡಿ, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಬಿಡದ ಆಸಾಮಿ. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಯೋಧರ ಆಟ ನಡೆಸುವವನೂ ಅವನೇ. ಆಡುವವರು ತಮ್ಮ ತಮ್ಮ ಯೋಧರನ್ನು ಕಾಗದದ ಮೇಲೆ ಕಟ್ಟಿಕೊಡಬೇಕು. ದಾರಿಯಲ್ಲಿ ರಾಕ್ಷಸ, ಸುಳಿ, ಪ್ರಪಾತ ಒಡ್ಡುವುದು ಇವನ ಕೆಲಸ. ಉಳಿವೋ ಅಳಿವೋ ಎಂದು ಹೇಳುವುದು ಇಪ್ಪತ್ತು ಮುಖದ ದಾಳ. ಹೊಸ ಯೋಧ ದಾರಿಗಿಳಿಯುವ ಮುಂಚೆ ಅವನ ಅದೃಷ್ಟಕ್ಕೂ ಒಮ್ಮೆ ದಾಳ ಉರುಳಿಸಲೇಬೇಕು. ಇಪ್ಪತ್ತು ಬಿದ್ದರೆ ಗೆದ್ದ, ಸಣ್ಣ ಅಂಕ ಬಿದ್ದರೆ ಗ್ರಹಚಾರ. ಹೋದ ಸಲ ಅವಳ ಯೋಧೆ ಒಂದೇ ಒಂದು ಅಂಕ ಸಾಲದೆ ಹೊಳೆಯ ಪಾಲಾದಾಗ ಎಲ್ಲರೂ ಗೋಗರೆದರೂ ಈ ಪುಣ್ಯಾತ್ಮ ಜಗ್ಗಿರಲಿಲ್ಲ. ದಾಳ ಹೇಳಿದ್ದೇ ಕೊನೆ, ನಾನೇನು ದೇವರಾ, ಅಂದುಬಿಟ್ಟಿದ್ದ.

ಇವತ್ತು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಗರ್ಭಪರೀಕ್ಷೆಯ ಕಡ್ಡಿಯ ಮೇಲೆ ಎರಡು ಗೆರೆ ಕಂಡಾಗಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಆದರೆ ಹೇಳುವುದು ಹೇಗೆ? ಎರಡು ವರ್ಷದ ಹಿಂದೆ ಇದೇ ಸುದ್ದಿಯನ್ನು ಇಬ್ಬರೂ ಊರಿಗೆಲ್ಲ ಡಂಗುರ ಸಾರಿ, ತೊಟ್ಟಿಲನ್ನೂ ತಂದಿಟ್ಟಿದ್ದರು; ಮೂರನೇ ತಿಂಗಳಿಗೆ ಎಲ್ಲ ಮುಗಿದುಹೋಗಿತ್ತು. ತೊಟ್ಟಿಲು ಅಟ್ಟ ಸೇರಿತು. ಆ ಮಾತು ಮತ್ತೆ ಈ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಇವತ್ತು ಮೂರು ಸಲ ಗಂಡನ ಮುಂದೆ ಹೋಗಿ ನಿಂತು, ಟೀ ಬೇಕಾ ಎಂದು ಕೇಳಿ ವಾಪಸಾಗಿದ್ದಳು. ಕೊನೆಗೆ, ತನ್ನ ಬಾಯಿಗೆ ಬಾರದ್ದನ್ನು ಯೋಧೆಯೇ ಹೇಳಲಿ ಎಂದು ಗಟ್ಟಿ ಮನಸ್ಸು ಮಾಡಿ ಮೇಜಿಗೆ ಬಂದಿದ್ದಳು.

ಕವಚ ಸಡಿಲವಾದರೆ ರಕ್ಷಣೆಯಲ್ಲಿ ಎರಡು ಅಂಕ ಕಡಿತ ಎಂದ ತಪಾಸಕ. ಆಗಲಿ ಎಂದಳು. ಎದುರಿಗೆ ಕೂತಿದ್ದ ಅವಳ ತಮ್ಮ ಕಿಸಕ್ಕೆಂದ. ಗೇಟು, ಕಿಟಕಿ ಬೆಸುಗೆ ಹಾಕುವ ಅವನು ಕಟ್ಟುವ ಯೋಧರೆಲ್ಲ ಬೆಟ್ಟದಂಥ ಗಟ್ಟಿಪಿಂಡಗಳು. ಅಕ್ಕನ ಯೋಧೆ ಯುದ್ಧಕ್ಕೆ ಹೊರಟಿದ್ದಾಳೋ ಮದುವೆ ಊಟಕ್ಕೋ ಎಂದು ಕಾಲೆಳೆದ. ಅವಳು ಸೊಪ್ಪು ಹಾಕಲಿಲ್ಲ. ಯೋಧೆ ಕುದುರೆ ಹತ್ತುವುದಿಲ್ಲ, ಬೆಳಿಗ್ಗೆ ಹೊತ್ತು ಕತ್ತಿ ಮುಟ್ಟುವುದಿಲ್ಲ, ಆಗ ಅವಳಿಗೆ ಬರೀ ವಾಂತಿ ಎಂದಳು.

"ಶಾಪಾನಾ, ವಿಷಾನಾ?" ಗಂಡ ನಿಯಮದ ಪುಸ್ತಕ ತಿರುವಿದ. "ಇದ್ರಲ್ಲಿ ಎರಡೇ ಇರೋದು."

"ಎರಡೂ ಅಲ್ಲ. ಆದ್ರೆ ಮೂಗು ಮಾತ್ರ ಬಲು ಚುರುಕು. ಶತ್ರು ಗುಡ್ಡದ ಆಚೆ ಇದ್ರೂ ವಾಸನೆ ಹಿಡೀತಾಳೆ."

ಅದು ತಪಾಸಕನಿಗೆ ಬಹಳ ಹಿಡಿಸಿತು. ಮೂಗಿಗೆ ಐದು ಅಂಕ ಧಾರಾಳವಾಗಿ ಕೊಟ್ಟ. ಚೀಲದಲ್ಲಿ ಇಬ್ಬರಿಗಾಗುವಷ್ಟು ಊಟ ಇಟ್ಟುಕೊಳ್ಳುತ್ತಾಳೆ ಎಂದು ಅವಳು ಹೇಳಿದಾಗ ತಮ್ಮನ ಟೀ ಲೋಟ ಬಾಯಿಯ ಹತ್ತಿರವೇ ನಿಂತಿತು. ಅಕ್ಕನ ಮುಖ ನೋಡಿದ. ಅವಳು ಮೇಜಿನ ಕೆಳಗೆ ಅವನ ಕಾಲನ್ನು ಒತ್ತಿ ತುಳಿದಳು. ಅವನಿಗೆ ನಗು ಬರುತ್ತಿತ್ತು, ಕಣ್ಣೂ ತುಂಬುತ್ತಿತ್ತು. ಎರಡನ್ನೂ ಲೋಟದ ಹಿಂದೆ ಮುಚ್ಚಿಕೊಂಡ. ಭಾವ ಮಾತ್ರ ಲೆಕ್ಕದಲ್ಲಿ ಮುಳುಗಿದ್ದ. ಎದುರಿಗೆ ಆನೆ ನಿಂತಿದ್ದರೂ ಅದರ ತೂಕ ಕೇಳುವ ಪೈಕಿ ಅವನು.

"ಇಬ್ಬರ ಊಟ ಅಂದ್ರೆ ಹೊರೆ ಜಾಸ್ತಿ, ಓಟ ಕಮ್ಮಿ," ಎಂದ. "ಇನ್ನೇನಾದ್ರೂ ಹೊರ್ತಾಳಾ?"

"ಹೊರ್ತಾಳೆ."

"ತೂಕ?"

"ಈಗ ಏನೂ ಇಲ್ಲ. ತಿಂಗಳು ತಿಂಗಳು ಹೆಚ್ಚುತ್ತೆ."

"ತಾನಾಗೇ ಹೆಚ್ಚೋ ತೂಕ ಯಾವ ನಿಯಮದಲ್ಲೂ ಇಲ್ಲ ಕಣೇ. ಎಲ್ಲೀವರೆಗೆ ಹೊರ್ಬೇಕು?"

"ದಾರಿ ಮುಗಿಯೋವರೆಗೆ," ಎಂದಳು. "ಇನ್ನೂ ಎಂಟು ತಿಂಗಳ ದಾರಿ, ರೀ."

ಪೆನ್ಸಿಲ್ ನಿಂತಿತು. ಅವನು ಕಾಗದವನ್ನು ಮೇಲಿನಿಂದ ಮತ್ತೆ ಓದತೊಡಗಿದ, ಬೆರಳಿಟ್ಟು. ಸಡಿಲ ಕವಚ. ಬೆಳಗಿನ ವಾಂತಿ. ಮೂಗು. ಇಬ್ಬರ ಊಟ. ಅಲ್ಲಿಂದ ಬೆರಳು ಮುಂದೆ ಸರಿಯಲಿಲ್ಲ. ತಲೆ ಎತ್ತಿದಾಗ ಅವನ ಮುಖದಲ್ಲಿದ್ದ ಸಂತೋಷಕ್ಕೂ ಭಯಕ್ಕೂ ಗೆರೆ ಎಳೆಯಲು ಸಾಧ್ಯವಿರಲಿಲ್ಲ. ಅವನು ಕೇಳುವ ಮುಂಚೆಯೇ ಅವಳು ಹೌದೆಂದು ತಲೆಯಾಡಿಸಿದಳು. ಎರಡು ವರ್ಷದಿಂದ ಎದೆಯೊಳಗೆ ಹೂತಿಟ್ಟಿದ್ದ ಖುಷಿ ಅವಳಿಗೆ ಒಮ್ಮೆಲೇ ಉಕ್ಕಿ ಬಂತು, ನಗುತ್ತಲೇ ಅತ್ತಳು.

ಏನು ಮಾಡುವುದೆಂದು ತಿಳಿಯದೆ ಅವನ ಕೈ ಅಭ್ಯಾಸಬಲದಿಂದ ದಾಳವನ್ನು ಎತ್ತಿಕೊಂಡಿತು. ಇವತ್ತೊಂದಿನ ಅದು ಬೇಡ ಭಾವ ಎಂದು ತಮ್ಮ ಕೈ ಚಾಚುವಷ್ಟರಲ್ಲಿ ದಾಳ ಬೆರಳಿನಿಂದ ಜಾರಿತು. ಮೇಜಿನ ಉದ್ದಕ್ಕೂ ಉರುಳಿ, ಅವಳ ಲೋಟಕ್ಕೆ ತಾಗಿ ನಿಂತಿತು. ಮೂರು. ಅವಳಿಗೆ ಹೋದ ಸಲದ ಹೊಳೆ ನೆನಪಾಯಿತು.

ತಪಾಸಕ ಬಗ್ಗಿ, ಅಂಗಡಿಯ ತಕ್ಕಡಿ ನೋಡುವ ಹಾಗೆಯೇ ದಾಳವನ್ನು ನೋಡಿದ. ಆಮೇಲೆ ಎರಡು ಬೆರಳಿನಲ್ಲಿ ಅದನ್ನು ಹಿಡಿದು, ನಿಧಾನವಾಗಿ, ಇಪ್ಪತ್ತು ಮೇಲೆ ಬರುವವರೆಗೆ ತಿರುಗಿಸಿದ.

"ಭಾವ, ಇದು ಮೋಸ," ಎಂದ ತಮ್ಮ, ಕಣ್ಣೊರೆಸಿಕೊಳ್ಳುತ್ತ.

"ಹೌದು," ಎಂದ ತಪಾಸಕ. ಮೇಜು ಅಲುಗಿ ದಾಳ ಮತ್ತೆ ಹೊರಳದಂತೆ ಅದರ ಸುತ್ತ ಎರಡೂ ಅಂಗೈ ಅಡ್ಡ ಇಟ್ಟು ಕೂತ.