ಎಣ್ಣೆ ಹಚ್ಚದ ಹಸ್ತಪ್ರತಿ

ರೇಷನ್ ಅಂಗಡಿಯಲ್ಲಿ ತಿಂಗಳಿಗೊಂದು ಚಮಚೆ ಅದೃಷ್ಟದೆಣ್ಣೆ ಕೊಡಲು ಶುರುವಾದಂದಿನಿಂದ ಬರಹಗಾರರೆಲ್ಲ ಅದನ್ನು ತಮ್ಮ ಹಸ್ತಪ್ರತಿಗೇ ಸವರುತ್ತಿದ್ದರು. ನೀಲಗಂಗಾ ಮಾತ್ರ ಕಾದಂಬರಿಗೆಂದು ಕೂಡಿಟ್ಟಿದ್ದನ್ನು ಧಾರವಾಡದ ಬಸ್ಸು ಹತ್ತುವಾಗ, ಕಿಟಕಿಯ ಸೀಟಿನ ಆಸೆಗೆ, ತಲೆಗೆ ಹಚ್ಚಿಕೊಂಡುಬಿಟ್ಟಿದ್ದಳು. ಸೀಟು ಸಿಕ್ಕಿತ್ತು.

"ಎಣ್ಣಿ ಹಚ್ಚಿಲ್ಲೇನ್ರಿ?" ಪ್ರಕಾಶಕ ಪಾವಟೆಯವರು ಅವಳ ಒಣ ಹಾಳೆಗಳನ್ನು ಮುಟ್ಟಿ ಕೇಳಿದರು.

"ಬಸ್ಸಿನ್ಯಾಗ ಖರ್ಚಾತ್ರಿ. ಭಾಳ ಗದ್ಲಿತ್ತು."

ಮೇಜಿನ ಮೇಲೆ ಮುನ್ನೂರು ಹಸ್ತಪ್ರತಿಗಳು ಮಿರಿಮಿರಿ ಮಿಂಚುತ್ತಿದ್ದವು. ಎಲ್ಲದರ ಅದೃಷ್ಟವೂ ಒಂದೇ ಅಳತೆಯದು. ಯಾವುದನ್ನು ಮೊದಲು ಓದಬೇಕೆಂದು ಪಾವಟೆಯವರಿಗೆ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಚಹಾ ಬಂತು. ಎಣ್ಣೆಯಿಂದಾಗಿ ಗ್ಲಾಸನ್ನು ಎಲ್ಲಿಟ್ಟರೂ ಜಾರುತ್ತಿತ್ತು. ಕೊನೆಗೆ ನೀಲಗಂಗಾಳ ಕಟ್ಟಿನ ಮೇಲಿಟ್ಟರು. ಅಲ್ಲಿ ಗಟ್ಟಿಯಾಗಿ ನಿಂತಿತು. ಅವಳು ಗ್ಲಾಸನ್ನೇ ನೋಡಿದಳು: ಆರು ವರ್ಷ ಬರೆದದ್ದು ಗ್ಲಾಸಿಡುವ ಮಣೆಯಾಯಿತಲ್ಲ!

ಗ್ಲಾಸೆತ್ತಿದಾಗ ಮೊದಲ ಸಾಲಿನ ಸುತ್ತ ಚಹಾದ ಬಳೆ ಮೂಡಿತ್ತು. ಒರೆಸಲು ಬಾಗಿದ ಪಾವಟೆಯವರು ಬಾಗಿದಂತೆಯೇ ಉಳಿದರು. ಒಂದು ಹಾಳೆ ತಿರುಗಿತು, ಇನ್ನೊಂದು ತಿರುಗಿತು. ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತು.

"ಚಾ ಆರಾಕತ್ತೇತ್ರಿ," ಎಂದಳು ನೀಲಗಂಗಾ.

"ತಡೀರಿ ಅಕ್ಕಾರ, ನಿಮ್ಮ ಕತಿಯೊಳಗಿನ ಮುದುಕಿಗೆ ಎಮ್ಮಿ ಸಿಗಲಿ ಮೊದ್ಲ!"