ದೊರೆಗೊಂದು ಬೆಲ್ಟು

"ಕಾಲು ಒರೆಸ್ಕೊಂಡು ಒಳಗೆ ಬನ್ನಿ. ನಿಮಗಲ್ಲ ಸ್ವಾಮಿ, ನಾಯಿಗೆ ಹೇಳಿದ್ದು," ಎಂದ, ಕಾರಿನ ಸೀಟು ಹೊಲಿಯುವ ಅಜ್ಜ.

ನಾಯಿಯ ಹೆಸರು ದೊರೆ. ಗಿಡ್ಡ ಕಾಲು, ಕಂದು ಮೈ, ಮೇಲ್ದುಟಿಯ ಮೇಲೆ ಹೊಸ ಹೊಲಿಗೆಯ ಗುರುತು. ಅದರ ಒಂದು ಪಕ್ಕ ಕನ್ನಡಕದಂಗಡಿಯವನು, ಇನ್ನೊಂದು ಪಕ್ಕ ಅವನ ಹೆಂಡತಿ, ಆಸ್ಪತ್ರೆಯಲ್ಲಿ ನರ್ಸ್. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಉಂಡರೂ ಮುಗಿಯಲಿಲ್ಲ, ಮಲಗಿದರೂ ಮುಗಿಯಲಿಲ್ಲ. ಅವಳು ಬೇರೆ ಮನೆ ಮಾಡಿ ಎಂಟು ತಿಂಗಳು. ದೊರೆ ಹದಿನೈದು ದಿನ ಅವಳಲ್ಲಿ, ಹದಿನೈದು ದಿನ ಇವನಲ್ಲಿ. ಕರೆತರುವುದು, ಬಿಟ್ಟು ಬರುವುದು ಅವನ ಕೆಲಸ. ಆ ನೆಪದಲ್ಲಿ ಅವಳ ಬಾಗಿಲಲ್ಲಿ ಐದು ನಿಮಿಷ ನಿಲ್ಲಬಹುದಿತ್ತು. ಆ ಐದು ನಿಮಿಷಕ್ಕಾಗಿಯೇ ಅವನು ಉಳಿದ ದಿನಗಳನ್ನು ತಳ್ಳುತ್ತಿದ್ದ.

ಹೋದ ವಾರ ಅದಕ್ಕೂ ಕುತ್ತು ಬಂತು. ದೊರೆಯನ್ನು ಬಿಡಲು ಹೋಗುವಾಗ ಸೈಕಲ್ಲೊಂದು ಅಡ್ಡ ಬಂತೆಂದು ಅವನು ಬ್ರೇಕ್ ಒತ್ತಿದ. ಮುಂದಿನ ಸೀಟಲ್ಲಿದ್ದ ದೊರೆ ಡ್ಯಾಶ್‌ಬೋರ್ಡಿಗೆ ಹೋಗಿ ಬಡಿಯಿತು. ರಕ್ತ ನೋಡಿದವಳೇ ಅವಳು ತೀರ್ಪು ಕೊಟ್ಟಿದ್ದಳು: ಸರಿಯಾದ ಏರ್ಪಾಡು ಆಗದೆ ನಾಯಿ ಕಾರು ಹತ್ತುವುದಿಲ್ಲ, ಇನ್ನು ತನ್ನ ಹತ್ತಿರವೇ ಇರುತ್ತದೆ. ನಾಯಿಯ ಓಡಾಟ ನಿಂತರೆ ತನ್ನದೂ ನಿಂತಂತೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಅಂಗಲಾಚಿ ಅವಳನ್ನು ಇಲ್ಲಿಗೆ ಕರೆಸಿದ್ದ. ಅವಳು ದೊರೆಯನ್ನು ನಡೆಸಿಕೊಂಡೇ ಬಂದಿದ್ದಳು.

"ದೊರೆ, ನಿಮ್ಮಪ್ಪಂಗೆ ಹೇಳು, ಬೋನೇ ವಾಸಿ ಅಂತ," ಎಂದಳು ಅವಳು. ಎಂಟು ತಿಂಗಳಿಂದ ಗಂಡನಿಗೆ ಹೇಳುವುದನ್ನೆಲ್ಲ ನಾಯಿಗೇ ಹೇಳುತ್ತಿದ್ದಳು.

"ಬೋನು ಇಡೋದೆಲ್ಲಿ ತಾಯಿ? ಹಿಂದಿನ ಬಾಗಿಲಲ್ಲಿ ತೂರಲ್ಲ. ಡಿಕ್ಕಿಯಲ್ಲಿ ಮುಚ್ಚಿಟ್ರೆ ಉಸಿರು ಕಟ್ಟುತ್ತೆ."

"ಸೀಟಿನ ಹಿಂದೆ ಬಲೆ ಕಟ್ಟಿದ್ರೆ?" ಎಂದು ಅವನು ಕೇಳಿದ.

"ಮುಂದಕ್ಕೆ ಬರಲ್ಲ, ಸರಿ. ಹಿಂದೇನೇ ಡಬ್ಬಿಯೊಳಗಿನ ಗೋಲಿ ಥರ ಉರುಳಾಡುತ್ತಲ್ಲ! ಕೊರಳಪಟ್ಟಿಗೆ ಕಟ್ಟಿ ಅಂತ ಮಾತ್ರ ಹೇಳ್ಬೇಡಿ, ಕತ್ತೇ ಹೋಗುತ್ತೆ. ಎದೆ ಸುತ್ತ ಅಗಲದ ಪಟ್ಟಿ, ಅದಕ್ಕೊಂದು ಗಿಡ್ಡ ಬೆಲ್ಟು, ಸೀಟ್ ಬೆಲ್ಟಿನ ಕೊಂಡಿಗೆ ಸಿಕ್ಕಿಸೋದು. ಹಿಂದಿನ ಸೀಟಲ್ಲಿ ದೊರೆಗಳು ರಾಜಾರೋಷವಾಗಿ ಕೂರ್ತಾರೆ." ಅಜ್ಜ ಟೇಪು ಎಳೆದು ಎದೆ ಅಳೆಯತೊಡಗಿದ. "ಅಲ್ಲ ಸ್ವಾಮಿ, ಆವತ್ತು ಪಕ್ಕದಲ್ಲೇ ಇತ್ತಲ್ಲ, ಹಿಡ್ಕೊಳ್ಳೋಕಾಗ್ಲಿಲ್ವಾ?"

"ಕೈ ಅಡ್ಡ ಹಿಡಿದೆ ಅಜ್ಜ. ಕೈ ಕೆಳಗಿಂದಾನೇ ನುಗ್ಗಿಬಿಡ್ತು."

"ಕೇಳಿದ್ಯಾ ದೊರೆ? ಊರವರ ಕಣ್ಣೆಲ್ಲ ಅಳೀತಾರಂತೆ, ಪಕ್ಕದಲ್ಲಿ ಕೂತಿರೋ ನಾಯಿ ಎಷ್ಟೆತ್ತರ ಅಂತ ಮಾತ್ರ ಗೊತ್ತಿಲ್ಲ ನಿಮ್ಮಪ್ಪಂಗೆ."

ಅವನು ಬಗ್ಗಿ, ಅಜ್ಜನಿಗೆ ಅಳೆಯಲು ಅನುಕೂಲವಾಗುವಂತೆ ದೊರೆಯನ್ನು ಹಿಡಿದುಕೊಂಡ.

"ನಾಯಿಗೆ ಇಷ್ಟೊಂದು ಕೆಲಸ ಹಚ್ಚಬೇಡಿ ತಾಯಿ, ನಾಳೆ ಸಂಬಳ ಕೇಳೀತು," ಎಂದು ಅಜ್ಜ ಎದ್ದ. ಮಾದರಿ ಬೆಲ್ಟು ಕಟ್ಟಿ ಒಂದು ಸುತ್ತು ಓಡಿಸಿ ನೋಡದೆ ಅವನು ಯಾವ ನಾಯಿಗೂ ಹೊಲಿದುಕೊಟ್ಟವನಲ್ಲ. "ಅಮ್ಮಾ, ನೀವು ಹಿಂದೆ ದೊರೆ ಪಕ್ಕ ಕೂತ್ಕೊಳ್ಳಿ, ಪಟ್ಟಿ ಎಲ್ಲಿ ಉಜ್ಜುತ್ತೆ ಅಂತ ನೋಡ್ಬೇಕು. ಸ್ವಾಮಿ, ಮೂಲೆ ತನಕ ಹೋಗಿ ತಿರುಗಿಸ್ಕೊಂಡು ಬಂದು, ನಾನು ಕೈ ಎತ್ತಿದಾಗ ಗಕ್ಕಂತ ಬ್ರೇಕ್ ಒತ್ತಿ."

ಆ ಕಾರಿನ ಹಿಂದಿನ ಸೀಟಲ್ಲಿ ಅವಳು ಕೂತದ್ದು ಅದೇ ಮೊದಲು. ಮುಂದೆ ಅವನ ಕತ್ತು ಕಾಣುತ್ತಿತ್ತು. ಕೂದಲು ಕಾಲರಿನ ಮೇಲೆ ಬಿದ್ದಿತ್ತು. ಕಟಿಂಗಿಗೆ ಹೋಗಿ ಅಂತ ಬೆನ್ನು ಹತ್ತುವವರು ಯಾರೂ ಇಲ್ಲ, ಪಾಪ. ಅವನ ಪಕ್ಕದ ಸೀಟು ಅವಳು ಒರಗಿಸಿ ಬಿಟ್ಟಿದ್ದಷ್ಟೇ ಹಿಂದಕ್ಕೆ ಒರಗಿತ್ತು. ಎಂಟು ತಿಂಗಳಲ್ಲಿ ಅದನ್ನು ಯಾರೂ ನೆಟ್ಟಗೆ ಮಾಡಿರಲಿಲ್ಲ. ಅವಳಿಗೆ ಹಳೆಯ ಮನೆಯ ನೆನಪು ಒತ್ತಿಕೊಂಡು ಬಂತು, ದೊರೆಯ ಬೆನ್ನ ಮೇಲೆ ಕೈಯಿಟ್ಟಳು.

ಅಜ್ಜ ಕೈ ಎತ್ತಿದ. ಅವನು ಬ್ರೇಕ್ ಒತ್ತಿದ. ದೊರೆಯ ಎದೆಪಟ್ಟಿ ಬಿಗಿಯಾಯಿತು. ನಾಯಿ ಒಮ್ಮೆ ಮುಂದಕ್ಕೆ ತೂಗಿ, ಕೂತಲ್ಲೇ ಕೂತು, ಏನೂ ಆಗದವರ ಹಾಗೆ ಆಕಳಿಸಿತು.

ಅವಳು ನಾಯಿಯನ್ನು ನೋಡುತ್ತಿರಲಿಲ್ಲ. ಗಂಡನ ಎಡಗೈ ಪಕ್ಕದ ಸೀಟಿಗೆ ಅಡ್ಡವಾಗಿ ಚಾಚಿಕೊಂಡಿತ್ತು. ಮದುವೆಯಾದ ಹೊಸದರಿಂದ ಪ್ರತಿ ಬ್ರೇಕಿಗೂ ಹೀಗೆ ಅಡ್ಡ ಬರುತ್ತಿದ್ದ ಕೈ. "ಬೆಲ್ಟ್ ಹಾಕಿದೀನಲ್ರೀ, ನಾನೇನು ಮಗುವಾ?" ಎಂದು ಅವಳು ನೂರು ಸಲ ರೇಗಿದ್ದಳು. ಆದರೂ ಬರುತ್ತಿತ್ತು. ಈಗಲೂ ಬಂದಿತ್ತು, ಅಲ್ಲಿ ಕೂತರೆ ಸರಿಯಾಗಿ ಅವಳ ಭುಜ ಬರುವ ಎತ್ತರಕ್ಕೆ. ಗಿಡ್ಡ ಕಾಲಿನ ನಾಯಿಯೊಂದು ಆರಾಮಾಗಿ ತೂರಿ ಹೋಗುವಷ್ಟು ಜಾಗ ಅದರ ಕೆಳಗಿತ್ತು.

ಅಜ್ಜ ಕಿಟಕಿಗೆ ಬಗ್ಗಿದ. "ಭೇಷ್! ಹಿಂದಿನದು ಗಟ್ಟಿಯಾಯ್ತು. ಮುಂದಿನ ಸೀಟಿಗೂ ಒಂದು ಹೊಲಿದುಬಿಡ್ಲಾ ಸ್ವಾಮಿ? ಹೇಗೂ ಖಾಲಿ ಇರುತ್ತಲ್ಲ."

ಅವನು ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಮರೆತಿದ್ದ.

"ಬೇಡ ಅಜ್ಜ," ಎಂದಳು ಅವಳು ಹಿಂದಿನಿಂದ. "ಅದು ಖಾಲಿ ಇಲ್ಲ."