ತಪ್ಪು ಹೆಜ್ಜೆ

ಟ್ಯಾಂಗೋ ಕುಣಿಯುವಾಗ ಜೊತೆಗಾರರ ತಪ್ಪನ್ನು ಎಲ್ಲರೆದುರು ತಿದ್ದಬಾರದು, ಅದು ಮರ್ಯಾದೆಯಲ್ಲ. ಟ್ಯಾಂಗೋ ಶಾಲೆ ನಡೆಸುವ ಅಚ್ಯುತ ತನ್ನ ಶಿಷ್ಯರಿಗೆಲ್ಲ ಇದನ್ನು ತಪ್ಪದೆ ಹೇಳುತ್ತಿದ್ದ. ಆದರೆ ಆ ಭಾನುವಾರದ ಕುಣಿತದ ಕೂಟದಲ್ಲಿ, ಜೊತೆಗೆ ಸಿಕ್ಕ ಅಪರಿಚಿತ ಹೆಂಗಸು ಮತ್ತೆ ಅವನ ಕಾಲು ತುಳಿದಾಗ ಪಿತ್ತ ನೆತ್ತಿಗೇರಿತು.

"ನೆಲ ಯಾಕ್ರೀ ನೋಡ್ತೀರಾ? ನಾನು ಮುಂದೆ ಬಂದ್ರೆ ನೀವು ಹಿಂದೆ ಹೋಗ್ಬೇಕು. ಅಷ್ಟೂ ಗೊತ್ತಿಲ್ವಾ?"

ಅಕ್ಕಪಕ್ಕದ ಜೋಡಿಗಳು ತಿರುಗಿ ನೋಡಿದವು. ಅವಳ ಮುಖ ಕೆಂಪಾಯಿತು.

"ಇನ್ನೂ ಕಲೀತಾ ಇದೀನಿ ಸರ್."

"ಇದಕ್ಕೆ ಕಲಿಯೋದು ಅಂತಾರಾ?"

ಊರಿನ ಆಚೆ ತುದಿಯಲ್ಲಿ ಹೊಸದಾಗಿ ತೆರೆದ ಇನ್ನೊಂದು ಟ್ಯಾಂಗೋ ಶಾಲೆಯ ಮೇಲೆ ಅವನಿಗೆ ಮೊದಲೇ ಉರಿಯುತ್ತಿತ್ತು. ಇವಳು ಅಲ್ಲಿಯವಳೇ ಇರಬೇಕು ಎನಿಸಿದ್ದೇ ತಡ, ಹಾಡಿನ ನಡುವೆಯೇ ನಿಂತುಬಿಟ್ಟ.

"ಹೀಗೆ ಹೇಳಿಕೊಟ್ಟೋರಿಗೆ ನಾಚಿಕೆ ಆಗ್ಬೇಕು. ಯಾರ್ರೀ ನಿಮಗೆ ಕಲಿಸಿದ್ದು?"

ಅವನ ಹೆಗಲ ಮೇಲಿದ್ದ ಕೈಯನ್ನು ಅವಳು ತೆಗೆದಳು.

"ನೀವೇ ಸರ್. ಯುಗಾದಿಯಿಂದ ನಿಮ್ಮ ಕ್ಲಾಸಲ್ಲೇ, ಹಿಂದಿನ ಸಾಲಲ್ಲಿ ನಿಲ್ತಾ ಇದೀನಿ."